ಗೋಣಿ ಎತ್ತಿ ಒಗೆದವನ ಎರಡನೇ ತಿಂಗಳು

ಶೂ ಒಳಗೆ ಕಾಲು ತೂರಿಸಿದಾಗ ಬೆರಳಿಗೆ ಏನೋ ಮೆತ್ತಗೆ ಅಂಟಿಕೊಂಡಿತು. ಹೊರಗೆಳೆದು ನೋಡಿದರೆ ಜೇಡರಬಲೆ. ಒಂದೆರಡು ದಿನದಲ್ಲಿ ಕಟ್ಟಿದ್ದಾಗಿರಲಿಲ್ಲ, ಒಣಗಿದ ನುಸಿಗಳ ದೊಡ್ಡ ಸಂಸಾರವೇ ಅದರಲ್ಲಿತ್ತು. ಓಡುವುದಕ್ಕೆಂದೇ ಕೊಂಡ ಶೂ. "ನಾಳೆಯಿಂದ" ಎಂದುಕೊಂಡು ಬಾಗಿಲ ಪಕ್ಕದಲ್ಲಿ, ದಿನಾ ಕಣ್ಣಿಗೆ ಬೀಳಲಿ ಎಂದು ಇಟ್ಟಿದ್ದೆ. ಕಣ್ಣಿಗೆ ಬೀಳುತ್ತಲೇ ಇತ್ತು, ಎಂಟು ತಿಂಗಳು.

ಅವತ್ತು ಶೂ ನೆನಪಾಗಿದ್ದಕ್ಕೆ ಕಾರಣ ಆಫೀಸಿನ ಲಿಫ್ಟು. ಬೆಳಗ್ಗೆ ಅದು ಕೆಟ್ಟು ನಿಂತಿತ್ತು. ನಮ್ಮದು ನಾಲ್ಕನೇ ಮಹಡಿ. ಎರಡನೇ ಮಹಡಿಯ ತಿರುವಿನಲ್ಲಿ ಫೋನ್ ತೆಗೆದು, ಬಹಳ ಮುಖ್ಯವಾದ ಮೆಸೇಜೊಂದು ಬಂದವನ ಹಾಗೆ ನಿಂತುಕೊಂಡೆ. ಮೆಸೇಜೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಉಸಿರು ಸಿಗುತ್ತಿರಲಿಲ್ಲ, ಅಷ್ಟೇ. ನನಗಿಂತ ಹದಿನೈದು ವರ್ಷ ಹಿರಿಯರೊಬ್ಬರು "ಏನ್ರೀ, ಬರಲ್ವಾ?" ಎಂದು ಕೇಳುತ್ತಲೇ ಮೇಲೆ ಹತ್ತಿ ಹೋದರು. ಉತ್ತರ ಕೊಡುವಷ್ಟು ಗಾಳಿಯೂ ಎದೆಯಲ್ಲಿ ಇರಲಿಲ್ಲ, ಕೈ ಆಡಿಸಿದೆ.

ನಾನು ಸೋಮಾರಿ ಎಂದು ನನ್ನನ್ನು ಬಲ್ಲವರು ಯಾರೂ ಹೇಳುವುದಿಲ್ಲ. ಆರಂಭಶೂರ ಅನ್ನುತ್ತಾರೆ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಎಂಬ ಗಾದೆ ನನ್ನನ್ನು ನೋಡಿಯೇ ಹುಟ್ಟಿರಬೇಕು. ಆದರೆ ಆ ಗಾದೆಯ ಮೇಲೆ ನನಗೊಂದು ತಕರಾರಿದೆ. ಅದು ತೀರಾ ಬೇಗ ಮುಗಿದುಬಿಡುತ್ತದೆ. ಎರಡನೇ ತಿಂಗಳಲ್ಲಿ ಆ ಮನುಷ್ಯ ಏನು ಮಾಡಿದ? ರೋಸಿ ಹೋಗಿ ಗೋಣಿಯನ್ನು ಮೂಲೆಗೆಸೆದ ಮೇಲೆ, ಮತ್ತೆ ಒಗೆಯುವ ಕಲ್ಲಿನ ಹತ್ತಿರ ಬಂದನಾ? ಬಂದಿದ್ದರೆ ಹೇಗೆ ಬಂದ? ನನಗೆ ಬೇಕಾಗಿದ್ದ ಭಾಗ ಅದು, ಯಾರೂ ಹೇಳಿರಲಿಲ್ಲ.

ಮೊದಲ ಸಲ ಜಿಮ್ ಸೇರಿದಾಗ ನನಗೆ 32. ವರ್ಷದ ಫೀಸು ಒಂದೇ ಏಟಿಗೆ ಕಟ್ಟಿದೆ. ದುಡ್ಡು ಕಟ್ಟಿದ ಮೇಲೆ ಹೋಗದೇ ಇರ್ತೀನಾ ಎಂಬ ಲೆಕ್ಕಾಚಾರ. ಈ ಲೆಕ್ಕಾಚಾರ ಹಾಕಿದವನು ನಾನೊಬ್ಬನೇ ಅಲ್ಲ ಎಂದು ಬಹಳ ತಡವಾಗಿ ತಿಳಿಯಿತು. ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದ ಮೂರು ಹೆಲ್ತ್ ಕ್ಲಬ್‌ಗಳ 7,752 ಸದಸ್ಯರ ಹಾಜರಿಯನ್ನು ಜಾಲಾಡಿ 2006ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ತಿಂಗಳ ಲೆಕ್ಕದಲ್ಲಿ ದೊಡ್ಡ ಮೊತ್ತ ಕಟ್ಟಿದವರು ಸರಾಸರಿ ತಿಂಗಳಿಗೆ ನಾಲ್ಕೇ ಚಿಲ್ಲರೆ ಸಲ ಹೋಗಿದ್ದರಂತೆ. ಹೋದ ದಿನಕ್ಕಷ್ಟೇ ದುಡ್ಡು ಕೊಟ್ಟಿದ್ದರೆ ಅವರಿಗೆ ಅಗ್ಗವಾಗುತ್ತಿತ್ತು. ನಾವು ಕೊಳ್ಳುವುದು ಜಿಮ್ಮನ್ನಲ್ಲ, ಮುಂದೆ ಒಂದು ದಿನ ನಾವಾಗಲಿರುವ ಆ ಶಿಸ್ತಿನ ಮನುಷ್ಯನನ್ನು. ಅವನು ಬರುವುದಿಲ್ಲ, ರಸೀದಿ ಮಾತ್ರ ಬರುತ್ತದೆ.

ಆ ಜಿಮ್ಮಿನಲ್ಲಿ ಮೊದಲ ದಿನವೇ ಎರಡು ಗಂಟೆ. ಬಸ್ಕಿ, ಡಂಬೆಲ್, ಟ್ರೆಡ್‌ಮಿಲ್, ಕಣ್ಣಿಗೆ ಕಂಡ ಯಂತ್ರವನ್ನೆಲ್ಲ ಮುಟ್ಟಿ ಬಂದೆ. ಮಾರನೇ ದಿನ ಅಷ್ಟೇನೂ ನೋವಿರಲಿಲ್ಲ, ಪರವಾಗಿಲ್ಲವೇ ಎಂದುಕೊಂಡೆ. ನೋವು ಅಂದರೆ ಏನೆಂದು ಗೊತ್ತಾಗಿದ್ದು ಮೂರನೇ ದಿನ. ತಲೆ ಬಾಚಲು ಕೈ ಮೇಲೇಳಲಿಲ್ಲ. ಕುರ್ಚಿಯಲ್ಲಿ ಕೂರುವುದು ಒಂದು ಯೋಜನೆಯಾಯಿತು, ಏಳುವುದು ಇನ್ನೊಂದು. "ಲ್ಯಾಕ್ಟಿಕ್ ಆಸಿಡ್ ಸರ್, ಇನ್ನೂ ಮಾಡಿದ್ರೆ ಹೋಗ್ಬಿಡತ್ತೆ" ಎಂದ ಟ್ರೈನರ್. ಪಾಪ, ಅವನಿಗೆ ಹಾಗೆಂದು ಯಾರೋ ಹೇಳಿಕೊಟ್ಟಿರಬೇಕು. ಕಸರತ್ತಿನಲ್ಲಿ ಹುಟ್ಟುವ ಲ್ಯಾಕ್ಟೇಟ್, ಅಂದರೆ ಅವನು ಹೇಳಿದ ಆ ಲ್ಯಾಕ್ಟಿಕ್ ಆಸಿಡ್, ಗಂಟೆಯೊಂದರೊಳಗೆ ರಕ್ತದಿಂದ ಬಹುಮಟ್ಟಿಗೆ ಖಾಲಿಯಾಗುತ್ತದೆ. ಒಂದರಿಂದ ಮೂರು ದಿನದ ನಡುವೆ ಜೋರಾಗುವ ಈ ನೋವು, ರೂಢಿಯಿಲ್ಲದ ಭಾರಕ್ಕೆ ಸ್ನಾಯುವಿನ ಎಳೆಗಳು ಅಲ್ಲಲ್ಲಿ ಸೂಕ್ಷ್ಮವಾಗಿ ಘಾಸಿಗೊಂಡು, ರಿಪೇರಿ ನಡೆಯುವಾಗಿನ ನೋವು. ಬಸ್ಕಿಯಲ್ಲಿ ಕೆಳಗಿಳಿಯುವಾಗ, ಡಂಬೆಲ್ ನಿಧಾನ ಇಳಿಸುವಾಗ, ಅಂದರೆ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯುವಾಗ ಈ ಪೆಟ್ಟು ಹೆಚ್ಚು. ಅದೇ ಕಸರತ್ತನ್ನು ಕೆಲವು ದಿನ ಬಿಟ್ಟು ಮತ್ತೆ ಮಾಡಿದರೆ ಅಷ್ಟು ನೋಯುವುದಿಲ್ಲ, ಮೈ ಕಲಿತಿರುತ್ತದೆ. ನನ್ನ ಮೈಗೆ ಕಲಿಯುವ ಅವಕಾಶವನ್ನೇ ನಾನು ಕೊಡಲಿಲ್ಲ. ಒಂಬತ್ತು ದಿನಕ್ಕೆ ನನ್ನ ಜಿಮ್ ಚರಿತ್ರೆ ಮುಗಿಯಿತು.

ಎರಡನೇ ಸಲ ಬುದ್ಧಿವಂತನಾಗಿದ್ದೆ. ದುಡ್ಡಿಲ್ಲ, ಜಿಮ್ಮಿಲ್ಲ, ಫೋನಿನಲ್ಲೊಂದು ಆ್ಯಪು. ದಿನಾ ಇಪ್ಪತ್ತು ನಿಮಿಷ, ಮಾಡಿದರೆ ಒಂದು ಬೆಂಕಿಯ ಚಿತ್ರ, ಅದರ ಪಕ್ಕ ಏರುತ್ತಾ ಹೋಗುವ ಸಂಖ್ಯೆ. 21 ದಿನ ದಾಟಿದಾಗ ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ. 21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂದು ಲೋಕವೇ ಹೇಳುತ್ತದಲ್ಲ. ಆ ಸಂಖ್ಯೆಯ ಮೂಲ ಹುಡುಕಿದರೆ ಸಿಗುವುದು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್. ಶಸ್ತ್ರಚಿಕಿತ್ಸೆಯಾದ ರೋಗಿಗಳು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆಯೆಂದರೂ 21 ದಿನ ಬೇಕು ಎಂದು ಆತ 1960ರಲ್ಲಿ ಬರೆದಿದ್ದ. ಮೂಗಿಗೆ ಹೇಳಿದ ಮಾತು ಬಾಯಿಂದ ಬಾಯಿಗೆ ಬಂದು ಬಸ್ಕಿಗೂ ಅಂಟಿಕೊಂಡಿತು, "ಕಡಿಮೆಯೆಂದರೂ" ಎನ್ನುವುದು ದಾರಿಯಲ್ಲೆಲ್ಲೋ ಬಿದ್ದುಹೋಯಿತು.

47ನೇ ದಿನ ಜ್ವರ ಬಂತು. ಎರಡು ದಿನ ಮಲಗಿದೆ. ಎದ್ದು ಆ್ಯಪ್ ತೆರೆದರೆ ಬೆಂಕಿ ಆರಿತ್ತು, ಸಂಖ್ಯೆಯ ಜಾಗದಲ್ಲಿ ಸೊನ್ನೆ. ಕಾಲಿನ ಬಲ ಎಲ್ಲೂ ಹೋಗಿರಲಿಲ್ಲ, ಉಸಿರೂ ಹೋಗಿರಲಿಲ್ಲ. ಆದರೂ ಆ ಸೊನ್ನೆ ನೋಡಿದಾಗ 47 ದಿನವನ್ನೂ ಯಾರೋ ಕಿತ್ತುಕೊಂಡ ಹಾಗೆ ಸಿಟ್ಟು ಬಂತು. ಮತ್ತೆ ಒಂದರಿಂದಲಾ? ಆಗಲ್ಲ ಹೋಗು ಎಂದು ಆ್ಯಪನ್ನೇ ತೆಗೆದುಹಾಕಿದೆ. ಶೂ ಒಳಗೆ ಜೇಡ ಬಾಡಿಗೆಗೆ ಬಂದಿದ್ದು ಆ ನಂತರ.

ಆಗಲೇ ಗೊತ್ತಿದ್ದರೆ ಎಂದು ನಾನು ಕೈ ಹಿಸುಕಿಕೊಳ್ಳುವ ಸಂಶೋಧನೆ ಒಂದಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿದರು. ಪ್ರತಿಯೊಬ್ಬರೂ ತಮಗೆ ಬೇಕಾದ ಒಂದು ಹೊಸ ರೂಢಿಯನ್ನು ದಿನಾ ಮಾಡಬೇಕು, ಅದು ಎಷ್ಟರಮಟ್ಟಿಗೆ ತಾನಾಗಿಯೇ ಆಗುತ್ತಿದೆ ಎಂದು ಬರೆದಿಡಬೇಕು. ಅಭ್ಯಾಸ ಕೂರಲು ಹಿಡಿದ ಕಾಲದ ಮಧ್ಯಮಾಂಕ 66 ದಿನ, ಅಂದರೆ ಅರ್ಧ ಜನರಿಗೆ ಅದಕ್ಕಿಂತ ಕಡಿಮೆ, ಉಳಿದರ್ಧಕ್ಕೆ ಹೆಚ್ಚು. ಆದರೆ ಒಬ್ಬರಿಗೆ 18 ದಿನ ಸಾಕಾದರೆ, ಇನ್ನೊಬ್ಬರ ಲೆಕ್ಕ 254ರವರೆಗೂ ಹೋಗುತ್ತಿತ್ತು. ಒಂದು ಲೋಟ ನೀರು ಕುಡಿಯುವಂಥದ್ದು ಬೇಗ ಕೂತಿತು, ಕಸರತ್ತು ತಡವಾಯಿತು. ನನಗೆ ಮುಖ್ಯವೆನಿಸಿದ್ದು ಅಲ್ಲೇ ಇದ್ದ ಇನ್ನೊಂದು ಸಾಲು: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ರೂಪುಗೊಳ್ಳುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆ ಆಗಿರಲಿಲ್ಲ. ಆ ಬೆಂಕಿ ಚಿತ್ರದ ಆ್ಯಪು ನನ್ನ ಹತ್ತಿರ ಸುಳ್ಳು ಹೇಳಿತ್ತು.

ಇದೆಲ್ಲ ಓದಿ ಹುಮ್ಮಸ್ಸು ಬಂದು ಶುರುಮಾಡಿದೆ ಎಂದರೆ ಅದೂ ಸುಳ್ಳಾಗುತ್ತದೆ. ಶುರು ಮಾಡಿಸಿದ್ದು ಆ ಮೆಟ್ಟಿಲ ಮೇಲಿನ ಅವಮಾನ. ಶೂ ಒಗೆದು ಒಣಗಿಸಿ ಮಾರನೇ ಬೆಳಗ್ಗೆ ಹಾಕಿಕೊಳ್ಳುತ್ತಿದ್ದಾಗ ಮಗಳು ಬಾಗಿಲಲ್ಲಿ ನಿಂತು ಕೇಳಿದಳು, "ಅಪ್ಪಾ, ಈ ಸಲ ಎಷ್ಟು ದಿನ?" ಅವಳ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದಳು. ಅದೇ ಕಷ್ಟ.

ಈ ಸಲ ಮಾಡಿದ ಮೊದಲ ಕೆಲಸ, ಕಸರತ್ತನ್ನು ನಾಚಿಕೆಯಾಗುವಷ್ಟು ಚಿಕ್ಕದು ಮಾಡಿದ್ದು. ಗೋಡೆಗೆ ಕೈ ಕೊಟ್ಟು ಹತ್ತು ಪುಷ್‌ಅಪ್, ಕುರ್ಚಿಯಿಂದ ಎದ್ದು ಕೂರುವ ಹತ್ತು ಬಸ್ಕಿ, ಹತ್ತು ನಿಮಿಷ ನಡಿಗೆ. ಬೆವರೂ ಬರುತ್ತಿರಲಿಲ್ಲ. ಎರಡನೆಯದು, ಯಾವಾಗ ಎಂಬುದನ್ನು ಗಟ್ಟಿ ಮಾಡಿದ್ದು. "ಬೆಳಗ್ಗೆ ಮಾಡ್ತೀನಿ" ಎಂದರೆ ಬೆಳಗು ಮಧ್ಯಾಹ್ನದವರೆಗೂ ಹಿಗ್ಗುತ್ತದೆ. "ಹಲ್ಲುಜ್ಜಿ ಮುಖ ಒರೆಸಿಕೊಂಡ ತಕ್ಷಣ ಶೂ" ಎಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದೆ. ಬಾಲಿಶ ಎನಿಸಿತ್ತು. ಆದರೆ 2002ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳ ಒಂದು ಗುಂಪಿಗೆ ವ್ಯಾಯಾಮದಿಂದ ಹೃದಯಕ್ಕಾಗುವ ಲಾಭವನ್ನೆಲ್ಲ ಓದಿಸಿದರು. ಇನ್ನೊಂದು ಗುಂಪಿಗೆ ಅದನ್ನೂ ಓದಿಸಿ, ಯಾವ ದಿನ, ಯಾವ ಹೊತ್ತಿಗೆ, ಎಲ್ಲಿ ಮಾಡುತ್ತೀರಿ ಎಂದು ಬರೆಸಿದರು. ಬರೆದವರಲ್ಲಿ ನೂರಕ್ಕೆ 91 ಮಂದಿ ಆ ವಾರ ವ್ಯಾಯಾಮ ಮಾಡಿದ್ದರು. ಬರೀ ಓದಿದವರಲ್ಲಿ ಮಾಡಿದವರು ನೂರಕ್ಕೆ 40 ಕೂಡ ಇಲ್ಲ, ಏನನ್ನೂ ಓದಿಸದೆ ಬಿಟ್ಟವರೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಆ ಲಾಭದ ಪಾಠದಿಂದ ಮೈ ಕದಲಿರಲಿಲ್ಲ. ಫೋನಿಗೆ ಬೆಳಗಾದರೆ ಬಂದು ಬೀಳುವ ಹುರಿದುಂಬಿಸುವ ವಿಡಿಯೊಗಳನ್ನು ನಾನು ಅಂದಿನಿಂದ ತೆರೆಯುವುದಿಲ್ಲ. ನೋಡಿದ ಹತ್ತು ನಿಮಿಷ ಮಾಡಿದಷ್ಟೇ ತೃಪ್ತಿಯಾಗುತ್ತದೆ, ಅದೇ ಅಪಾಯ.

ಮನಸ್ಸಿದ್ದರೆ ಮಾರ್ಗ ಅನ್ನುತ್ತಾರಲ್ಲ, ನನ್ನ ವಿಷಯದಲ್ಲಿ ಅದು ತಿರುವುಮುರುವು. ಶೂ ಹಾಕಿ, ಬಾಗಿಲು ದಾಟಿ, ಐದು ನಿಮಿಷ ನಡೆದ ಮೇಲೆ ಮನಸ್ಸು ಹಿಂದಿನಿಂದ ಓಡಿ ಬಂದು ಜೊತೆಯಾಗುತ್ತದೆ. ವ್ಯಾಯಾಮಕ್ಕೆ ಮುಂಚೆ ಜನ ಅದರಿಂದ ಸಿಗುವ ಖುಷಿಯನ್ನು ಇರುವುದಕ್ಕಿಂತ ಕಡಿಮೆಯೆಂದು ಊಹಿಸುತ್ತಾರೆ, ಏಕೆಂದರೆ ಕಣ್ಣ ಮುಂದೆ ದೊಡ್ಡದಾಗಿ ನಿಲ್ಲುವುದು ಶುರುವಿನ ಆ ಕೆಲವು ಅಪ್ರಿಯ ನಿಮಿಷಗಳು. ಕೆನಡಾದ ಮನಶ್ಶಾಸ್ತ್ರಜ್ಞರು 2011ರಲ್ಲಿ ಇದನ್ನು ತೋರಿಸಿದ್ದಾರೆ. ಅದಕ್ಕೆ ನನ್ನೊಡನೆ ನಾನೇ ಒಂದು ಒಪ್ಪಂದ ಮಾಡಿಕೊಂಡೆ: ಹತ್ತು ನಿಮಿಷವಾದ ಮೇಲೆ ಬೇಡವೆನಿಸಿದರೆ ಯಾವ ಪ್ರಶ್ನೆಯೂ ಇಲ್ಲದೆ ವಾಪಸು. ಎರಡು ವರ್ಷ ನಾಲ್ಕು ತಿಂಗಳಲ್ಲಿ ಈ ರಿಯಾಯಿತಿಯನ್ನು ಬಳಸಿಕೊಂಡಿದ್ದು ಐದಾರು ಸಲ.

ಈಗ ಆ ಎರಡನೇ ತಿಂಗಳಿಗೆ ಬರುತ್ತೇನೆ. ಮೂರನೇ ಪ್ರಯತ್ನದ ಎರಡನೇ ತಿಂಗಳಲ್ಲೂ ಬಿಟ್ಟೆ. ಆಫೀಸಿನ ಕೆಲಸ, ನಂತರ ಪ್ರಯಾಣ, ನಂತರ ಏನೂ ಇಲ್ಲ, ಸುಮ್ಮನೆ. ನೋಟ್‌ಬುಕ್ಕಿನಲ್ಲಿ 23 ದಿನ ಖಾಲಿ.

ಆ 23 ದಿನದಲ್ಲಿ ನನ್ನನ್ನು ತಡೆದದ್ದು ಏನು ಎಂದು ಆಮೇಲೆ ಯೋಚಿಸಿದ್ದೇನೆ. ಮೊದಲ ವಾರ ಪುರುಸೊತ್ತು ಇರಲಿಲ್ಲ, ಒಪ್ಪಿಕೊಳ್ಳೋಣ. ಉಳಿದ ಎರಡು ವಾರ ನೋಟ್‌ಬುಕ್ ತೆರೆಯಲು ಭಯ. ಬಿಡುವ ಹೊತ್ತಿಗೆ ಗೋಡೆ ದಾಟಿ ಮೇಜಿಗೆ ಕೈ ಕೊಟ್ಟು ಪುಷ್‌ಅಪ್ ಮಾಡುವವರೆಗೆ ಬಂದಿದ್ದೆ, ಕೊನೆಯ ಸಾಲಿನಲ್ಲಿ "ಮೇಜು ಪುಷ್‌ಅಪ್ 12, ಮೂರು ಸೆಟ್" ಎಂದು ಬರೆದವನು ನಾನೇ. ಈಗ ಅಷ್ಟು ಆಗುವುದಿಲ್ಲ ಎಂದು ಗೊತ್ತಿತ್ತು. ಸಾಲ ಮಾಡಿದವನು ಸಾಲ ಕೊಟ್ಟವರ ಮನೆಯ ಬೀದಿ ತಪ್ಪಿಸಿ ಓಡಾಡುತ್ತಾನಲ್ಲ, ಹಾಗೆ ನಾನು ಆ ಮೇಜಿನ ಕಡೆ ನೋಡದೆ ಓಡಾಡಿದೆ. ಜೊತೆಗೆ, ವಾಪಸು ಹೋದರೆ ಬಾಕಿಯನ್ನೆಲ್ಲ ಬಡ್ಡಿ ಸಮೇತ ತೀರಿಸಬೇಕು ಎಂಬ ಮೊಂಡು ಲೆಕ್ಕ. ಹಿಂದಿನ ಸಲಗಳಲ್ಲಿ ನಡೆದದ್ದೇ ಅದು: ತಪ್ಪಿದ್ದಕ್ಕೆ ದುಪ್ಪಟ್ಟು ಮಾಡುವುದು, ಮೈ ನೋಯಿಸಿಕೊಳ್ಳುವುದು, ಮತ್ತೆ ಬಿಡುವುದು.

24ನೇ ದಿನ ಮಾಡಿದ್ದು ಆರು ನಿಮಿಷ. ಹತ್ತು ಬಸ್ಕಿ, ಗೋಡೆಯ ಮೇಲೆ ಹತ್ತು ಪುಷ್‌ಅಪ್, ಮೇಜಿನ ಮೇಲೆ ನೋಡೋಣವೆಂದು ಪ್ರಯತ್ನಿಸಿದ್ದು ಏಳು. ಏಳು ಎಂದೇ ಬರೆದೆ. ಬರೆಯುವಾಗ ಕಿವಿ ಬಿಸಿಯಾಗಿತ್ತು, ಯಾರೂ ನೋಡುತ್ತಿರಲಿಲ್ಲ. ಹತ್ತು ದಿನದೊಳಗೆ ಮತ್ತೆ ಹನ್ನೆರಡಕ್ಕೆ ಬಂದಿದ್ದೆ.

ಅದು ಪವಾಡವಲ್ಲ. ಒಮ್ಮೆ ಗಳಿಸಿದ ಬಲ ಕಳೆದುಹೋದರೂ, ಎರಡನೇ ಸಲ ಗಳಿಸುವುದು ಬೇಗ. ನರಗಳು ಆ ಚಲನೆಯನ್ನು ಕಲಿತಿರುತ್ತವೆ. ಶುರುವಿನ ವಾರಗಳಲ್ಲಿ ಬಲ ಹೆಚ್ಚುವುದೇ ಬಹುಪಾಲು ಹಾಗೆ, ಸ್ನಾಯು ದಪ್ಪವಾಗುವ ಮೊದಲೇ ಮಿದುಳು ಅದನ್ನು ಚೆನ್ನಾಗಿ ದುಡಿಸಲು ಕಲಿಯುತ್ತದೆ. ಕಸರತ್ತಿನಿಂದ ಬೆಳೆದ ಸ್ನಾಯುಕೋಶದಲ್ಲಿ ಹೊಸದಾಗಿ ಸೇರಿದ ಕೋಶಕೇಂದ್ರಗಳು ಸ್ನಾಯು ಸೊರಗಿದ ಮೇಲೂ ಉಳಿದಿರುತ್ತವೆ ಎಂದು ನಾರ್ವೆಯ ವಿಜ್ಞಾನಿಗಳು 2010ರಲ್ಲಿ ಇಲಿಗಳಲ್ಲಿ ತೋರಿಸಿದರು. ಮನುಷ್ಯರಲ್ಲೂ ಹಾಗೆಯೇ ಎಂಬುದರ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ಆ್ಯಪಿನ ಸೊನ್ನೆಯಂಥ ಸೊನ್ನೆ ಮೈಯಲ್ಲಿ ಇಲ್ಲ ಎಂಬುದಂತೂ ನನ್ನ ನೋಟ್‌ಬುಕ್ಕಿನಲ್ಲೇ ಕಂಡಿತು.

ಬಿಟ್ಟರೆ ಏನೂ ಆಗುವುದಿಲ್ಲ ಎಂದು ಇದರರ್ಥವಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. 1966ರಲ್ಲಿ ಅಮೆರಿಕದ ಡಾಲಸ್‌ನಲ್ಲಿ 20 ವರ್ಷದ ಐವರು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಎದ್ದಾಗ ಅವರ ದೇಹ ಆಮ್ಲಜನಕ ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯ ಕಾಲು ಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಕಥೆ ಇಲ್ಲಿಗೆ ನಿಂತಿದ್ದರೆ ಹೆದರಿಸಲು ಮಾತ್ರ ಬಳಕೆಯಾಗುತ್ತಿತ್ತು. ಮೂವತ್ತು ವರ್ಷದ ಮೇಲೆ, 1996ರಲ್ಲಿ, ಅದೇ ಐವರನ್ನು ಮತ್ತೆ ಕರೆಸಿದರು. ತೂಕ ಏರಿತ್ತು, ಹೊಟ್ಟೆ ಬಂದಿತ್ತು. ಆದರೂ ಮೂವತ್ತು ವರ್ಷದ ವಯಸ್ಸು ಮಾಡಿದ ನಷ್ಟ ಆ ಮೂರು ವಾರದ ಹಾಸಿಗೆ ಮಾಡಿದ್ದಕ್ಕಿಂತ ಕಡಿಮೆ ಇತ್ತು. ಆರು ತಿಂಗಳು ನಡಿಗೆ, ಜಾಗಿಂಗ್, ಸೈಕಲ್ ಎಂದು ನಿಧಾನಕ್ಕೆ ಏರಿಸುತ್ತಾ ಹೋದರು. 50ರ ಆ ಐವರ ಸಾಮರ್ಥ್ಯ, 20ರಲ್ಲಿ ಮಲಗುವ ಮೊದಲು ಎಷ್ಟಿತ್ತೋ ಅಲ್ಲಿಗೆ ಮರಳಿತು. ಇದನ್ನು ಓದಿದ ರಾತ್ರಿ ನಾನು ಎದ್ದು ಕೂತು ಮತ್ತೊಮ್ಮೆ ಓದಿದೆ.

ನನ್ನ ದಿನಚರಿ ಈಗ ಸರಳ. ಸೋಮವಾರ, ಗುರುವಾರ ಬಲದ ಕಸರತ್ತು: ಪುಷ್‌ಅಪ್, ಬಸ್ಕಿ, ಪುಸ್ತಕ ತುಂಬಿದ ಬ್ಯಾಗನ್ನು ಬಗ್ಗಿ ಎದೆಯ ಕಡೆಗೆ ಎಳೆಯುವುದು, ಮೊಣಕೈ ಊರಿ ಮೈಯನ್ನು ಹಲಗೆಯ ಹಾಗೆ ನೆಟ್ಟಗೆ ಹಿಡಿದಿರುವ ಪ್ಲ್ಯಾಂಕ್. ಮಂಗಳವಾರ, ಶುಕ್ರವಾರ, ಶನಿವಾರ ಐವತ್ತು ನಿಮಿಷ ಬಿರುಸು ನಡಿಗೆ. ಬುಧವಾರ, ಭಾನುವಾರ ರಜೆ, ತಪ್ಪಿತಸ್ಥ ಭಾವನೆಯಿಲ್ಲದ ರಜೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ. ನನ್ನದು ಅದರ ಕೆಳಗಂಚು. ಮಧ್ಯಮ ಎಂದರೆ ಎಷ್ಟು ಎಂದು ತಿಳಿಯಲು ವಾಚು ಬೇಡ: ಮಾತಾಡಲು ಆಗಬೇಕು, ಹಾಡಲು ಆಗಬಾರದು. ಒಮ್ಮೆಗೆ ಹತ್ತು ನಿಮಿಷವಾದರೂ ಮಾಡಿದರೆ ಮಾತ್ರ ಲೆಕ್ಕ ಎಂಬ ಹಳೆಯ ಷರತ್ತನ್ನೂ ಆಗ ಕೈಬಿಟ್ಟರು. ನಾಲ್ಕು ಮಹಡಿಯ ಮೆಟ್ಟಿಲೂ ಲೆಕ್ಕಕ್ಕೆ ಬಂತು.

ಹತ್ತು ಸಾವಿರ ಹೆಜ್ಜೆಯ ಹಟ ನನಗಿಲ್ಲ. ಅದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಬಂದದ್ದು, ಮಾನ್ಪೊ-ಕೇ ಎಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಗುಂಡಾದ ಸಂಖ್ಯೆ, ಜಾಹೀರಾತಿಗೆ ಹೇಳಿ ಮಾಡಿಸಿದ್ದು. ತೂಕದ ಯಂತ್ರವನ್ನೂ ಮಂಚದ ಕೆಳಗೆ ತಳ್ಳಿದ್ದೇನೆ. ಮೊದಲ ಮೂರು ತಿಂಗಳು ಅದರ ಮುಳ್ಳು ಕದಲದೆ ನನ್ನನ್ನು ಗೋಳು ಹೊಯ್ದುಕೊಂಡಿತು. ಅದೇ ಮೂರು ತಿಂಗಳಲ್ಲಿ ನಾನು ಎರಡನೇ ಮಹಡಿಯ ತಿರುವಿನಲ್ಲಿ ಫೋನ್ ತೆಗೆಯುವುದನ್ನು ನಿಲ್ಲಿಸಿದ್ದೆ. ನೋಟ್‌ಬುಕ್ಕಿನಲ್ಲಿ ಈಗ ಬರೆಯುವುದು ಎಷ್ಟು ಸಲ ಮಾಡಿದೆ, ಬೆಳಗ್ಗೆ ಎದ್ದಾಗ ನಾಡಿ ಎಷ್ಟು, ಇವೆರಡೇ.

ಭಾರ ಏರಿಸುವ ವಿಷಯದಲ್ಲಿ ನನಗೆ ಬುದ್ಧಿ ಹೇಳಿದ್ದು ಒಂದು ಹಳೆಯ ಕಥೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಥಾಮಸ್ ಡಿಲಾರ್ಮ್ ಎಂಬ ಅಮೆರಿಕದ ಸೇನಾ ವೈದ್ಯ, ಮಂಡಿಗೆ ಪೆಟ್ಟಾದ ಸೈನಿಕರಿಗೆ ಭಾರ ಎತ್ತಿಸಿದ. ಆಗೆಲ್ಲ ಅಂಥವರಿಗೆ ಹಗುರವಾದದ್ದನ್ನೇ ಲೆಕ್ಕವಿಲ್ಲದಷ್ಟು ಸಲ ಮಾಡಿಸುವುದು ರೂಢಿ. ಇವನು ಭಾರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋದ, ಕಾಲುಗಳು ಬೇಗ ಗಟ್ಟಿಯಾದವು. ಇವತ್ತು ಎಲ್ಲ ಜಿಮ್ಮಿನಲ್ಲೂ ಹೇಳುವ "ಹತ್ತರ ಮೂರು ಸೆಟ್" ಅವನ ಕಾಲದ ಬಳುವಳಿ. ಗೋಡೆಯಿಂದ ಮೇಜಿಗೆ, ಮೇಜಿನಿಂದ ನೆಲಕ್ಕೆ ಬರಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ನೆಲದ ಪುಷ್‌ಅಪ್ ಎಂದರೆ ಮೈತೂಕದ ಹೆಚ್ಚುಕಡಿಮೆ ಮೂರನೇ ಎರಡು ಭಾಗವನ್ನು ಕೈಯಲ್ಲಿ ಎತ್ತಿದ ಹಾಗೆ. ಒಮ್ಮೆ ಅವಸರಪಟ್ಟು ಹೆಗಲು ಉಳುಕಿಸಿಕೊಂಡೆ. ಮೈಕೈ ನೋವು ಬೇರೆ, ಕೀಲಿನೊಳಗೆ ಚುಚ್ಚುವ ನೋವು ಬೇರೆ. ಎರಡನೆಯದಕ್ಕೆ ನಿಲ್ಲಿಸಲೇಬೇಕು, ಎದೆ ಹಿಡಿದರೆ ಅಥವಾ ತಲೆ ಸುತ್ತಿದರೆ ಡಾಕ್ಟರ ಹತ್ತಿರ ಹೋಗಲೇಬೇಕು.

2021ರಲ್ಲಿ ಒಂದು ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಅಮೆರಿಕದಲ್ಲಿ ಜಿಮ್ ಸದಸ್ಯರಾದ 61,293 ಮಂದಿಯ ಮೇಲೆ, ಮೂವತ್ತು ವಿಜ್ಞಾನಿಗಳು ಯೋಚಿಸಿದ 54 ಬಗೆಯ ಉಪಾಯಗಳನ್ನು ನಾಲ್ಕು ವಾರ ಹೂಡಿ ನೋಡಿದರು. ನೆನಪೋಲೆ, ಬಹುಮಾನ, ಹೊಗಳಿಕೆ, ಎಲ್ಲ ಇದ್ದವು. ಪಟ್ಟಿಯ ತುದಿಗೆ ಬಂದದ್ದು, ಒಂದು ದಿನ ತಪ್ಪಿಸಿದವರು ಮರಳಿ ಬಂದಾಗ ಕೊಟ್ಟ ಚಿಲ್ಲರೆ ಕಾಸಿನಷ್ಟು ಹೆಚ್ಚುವರಿ ಬಹುಮಾನ. ತಪ್ಪದೆ ಬಂದದ್ದಕ್ಕೆ ಶಾಬಾಶ್ ಅನ್ನುವವರು ಬಹಳ, ತಪ್ಪಿಸಿ ಬಂದವನಿಗೆ ಬಾಗಿಲು ತೆರೆದಿಟ್ಟವರು ಕಡಿಮೆ. ಆದರೆ ನಾಲ್ಕು ವಾರ ಮುಗಿದ ಮೇಲೂ ಅಳೆಯುವಷ್ಟು ಪರಿಣಾಮ ಉಳಿಸಿದ್ದು ನೂರಕ್ಕೆ ಎಂಟು ಉಪಾಯಗಳು ಮಾತ್ರ. ಹೊರಗಿನವರ ಉಪಾಯಕ್ಕೂ ಎರಡನೇ ತಿಂಗಳು ಎಂಬುದೊಂದು ಇದೆ, ಪಾಪ.

ನನ್ನ ನೋಟ್‌ಬುಕ್ಕಿನ ಖಾಲಿ ಜಾಗಗಳನ್ನು ಮೊನ್ನೆ ಎಣಿಸಿದೆ. 23, 11, 16, 6, 4, 9, 5. ಇಳಿಯುತ್ತಲೇ ಬಂದಿದೆ ಎಂದು ಹೇಳಿಕೊಳ್ಳುವಷ್ಟು ನೀಟಾಗಿಲ್ಲ. ನಡುವಿನ 16 ಮನೆಯಲ್ಲಿ ಸಾವಾದಾಗಿನದು, ಅದರ ಬಗ್ಗೆ ನನಗೆ ಬೇಜಾರೂ ಇಲ್ಲ. ಪ್ರತಿ ಖಾಲಿ ಜಾಗದ ಮುಂದಿನ ಸಾಲು ಮಾತ್ರ ಒಂದೇ ತರಹ ಇದೆ: ಚಿಕ್ಕ ಸಂಖ್ಯೆ, ಹಿಂದಿನದರ ಅರ್ಧ, ಅಕ್ಷರ ಸ್ವಲ್ಪ ಅವಸರದ್ದು.

ಮಗಳು ಈಗ "ಎಷ್ಟು ದಿನ" ಎಂದು ಕೇಳುವುದನ್ನು ಬಿಟ್ಟಿದ್ದಾಳೆ. ಎರಡು ದಿನ ಶೂ ಕದಲದಿದ್ದರೆ "ಅಪ್ಪಾ, ಯಾವಾಗ ವಾಪಸು?" ಅನ್ನುತ್ತಾಳೆ, ನಾನು ಯಾವುದೋ ಊರಿಗೆ ಹೋದವನ ಹಾಗೆ. ಮೊದಲ ಐದು ನಿಮಿಷ ಇವತ್ತಿಗೂ ಬೈದುಕೊಂಡೇ ನಡೆಯುತ್ತೇನೆ. ನೆಲದ ಪುಷ್‌ಅಪ್ ಏಳಕ್ಕೆ ಬಂದು ನಿಂತಿದೆ. ಎಂಟನೆಯದು ಎರಡು ತಿಂಗಳಿಂದ ಅರ್ಧಕ್ಕೆ ಬಂದು, ಮೊಣಕೈ ನಡುಗಿ, ಗಲ್ಲ ನೆಲಕ್ಕೆ ತಾಗಿ ಮುಗಿಯುತ್ತಿದೆ. ಕಳೆದ ವಾರ ಪೂರ್ತಿ ತಪ್ಪಿಸಿದ್ದೆ, ಹಾಗಾಗಿ ಈ ಸೋಮವಾರ ನಾಲ್ಕೇ ಹೊಡೆದೆ. ನಾಳೆ ಗುರುವಾರ.